ಹುಲ್ಲು ಯಾರದು, ಬೇಲಿ ಯಾರದು?

(ಡೋಣಿಯಲ್ಲಿ ಕೂಡಿದ ರೈತರ ಹಾಗೂ ಕುರಿಗಾರರ ಸಭೆಯಲ್ಲಿ ಮಾಡಿದ ಭಾಷಣ)



ಇಂದಿನ ಸಭೆಗೆ ಮೂರು ತರದ ಜನ ಬಂದಿದ್ದೀರಿ. ಒಂದು ಕಡೆಗೆ ಹೊಲದವರು ಕೂತಿದ್ದೀರಿ. ಇನ್ನೊಂದು ಕಡೆಗೆ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಕುರಿಯವರು ಕೂತಿದ್ದೀರಿ. ಹಿಂದುಗಡೆಗೆ ಗದಗ-ಬೆಟಗೇರಿಯಿಂದ ಬಸ್ಸು ಹಿಡಿದು ಬಂದ ಗಿರಣಿಯ ಕೆಲಸಗಾರರೂ ಅಂಗಡಿಕಾರರೂ ಇದ್ದೀರಿ. ಹೊಲದವರಿಗೂ ಕುರಿಯವರಿಗೂ ನಡುವೆ ಒಂದು ಬಂಡಿ ಹಾಯುವಷ್ಟು ಜಾಗ ಬಿಟ್ಟಿದ್ದೀರಿ. ಯಾರೂ ಹೇಳಿ ಬಿಡಿಸಿದ್ದಲ್ಲ; ತಾನಾಗಿ ಬಿಟ್ಟದ್ದು. ಆ ನಡುವಿನ ಜಾಗದ ಸಂಗತಿಯನ್ನೇ ನಾವು ಇಂದು ನಿಮ್ಮ ಮುಂದೆ ಇಡಬೇಕಾಗಿದೆ.

ಕಳೆದ ಹಿಂಗಾರಿಯಲ್ಲಿ ಈ ಸೀಮೆಯ ಒಂದು ಊರಿನಲ್ಲಿ ರಾತ್ರಿ ಕುರಿಹಿಂಡು ಕಡಲೆಯ ಹೊಲಕ್ಕೆ ನುಗ್ಗಿತು. ಊರ ಹೆಸರು ಬೇಡ. ಇದು ಒಂದೇ ಊರಿನ ಜಗಳವಲ್ಲ. ಬೆಳಗಾಗುವಷ್ಟರಲ್ಲಿ ಹೂವಿಗೆ ಬಂದ ಎರಡು ಎಕರೆ ಪೈರು ಹೋಗಿಬಿಟ್ಟಿತ್ತು. ಬೀಜಕ್ಕೂ ಗೊಬ್ಬರಕ್ಕೂ ಸಾಲ ತಂದು ಬಿತ್ತಿದ ರೈತ. ಅವನ ಹೊಟ್ಟೆ ಉರಿಯದೆ ಇರುತ್ತದೆಯೆ? ಊರ ಹುಡುಗರು ಬಡಿಗೆ ಹಿಡಿದು ಹೋದರು. ಹಿಂಡು ಕಾಯುತ್ತಿದ್ದ ಹದಿನಾಲ್ಕು ವರ್ಷದ ಹುಡುಗನ ಕೈ ಮುರಿಯಿತು. ನಲವತ್ತು ಕುರಿಗಳನ್ನು ಹಿಡಿದು ಒಂದು ಹಾಳು ಗೋದಾಮಿನಲ್ಲಿ ಕೂಡಿದರು. ಎರಡೂ ಕಡೆಯವರು ಪೋಲೀಸರ ಕಡೆಗೆ ಓಡಿದರು.

ಊರವರು ನಮ್ಮನ್ನು ಕರೆಸಿದರು. ಮಾಸ್ತರಿಕೆ ಬಿಟ್ಟು ಪಕ್ಷದ ಕೆಲಸಕ್ಕೆ ಬಂದ ಮೇಲೆ ನಮ್ಮ ಅರ್ಧ ಆಯುಷ್ಯ ಅರ್ಜಿ ಬರೆಯುವದರಲ್ಲಿಯೇ ಹೋಗುತ್ತಿದೆ. ಚಾವಡಿಯಲ್ಲಿ ಕೂತು ತಹಶೀಲದಾರರಿಗೆ ಒಂದು ಅರ್ಜಿ ಬರೆದೆವು: ಕುರಿಹಿಂಡುಗಳು ಈ ಊರ ಹದ್ದಿನಲ್ಲಿ ಬರಬಾರದು, ಹೊಲದ ದಾರಿಯಲ್ಲಿ ಹಾಯಬಾರದು, ಕೆರೆಯ ಹಿಂದೆ ಇಳಿಯಬಾರದು. ಓದಿ ಹೇಳಿದೆವು. ಮಂದಿ ತಲೆ ಹಾಕಿದರು. ಆಗ ಬಾಗಿಲ ಹೊರಗೆ ನಿಂತಿದ್ದ ಒಬ್ಬ ಮುದುಕಿ, ಕೈ ಮುರಿದ ಹುಡುಗನ ಅಜ್ಜಿ, ಹೇಳಿದಳು: "ಮಾಸ್ತರ, ಅರ್ಜಿ ಚಲೋ ಬರದ್ರಿ. ಕುರಿ ಎಲ್ಲೆಲ್ಲಿ ಹೋಗಬಾರದು ಅಂತ ಬರದ್ರಿ. ಎಲ್ಲಿ ಹೋಗಬೇಕು ಅನ್ನೂದನ್ನೂ ಒಂದು ಸಾಲು ಬರೀರಿ."

ನಮ್ಮ ಕೈಯಲ್ಲಿಯ ಲೇಖನಿ ಅಲ್ಲಿಯೇ ನಿಂತಿತು. ಬರೆಯಲು ಆ ಒಂದು ಸಾಲು ನಮಗೆ ಗೊತ್ತಿರಲಿಲ್ಲ. ಅಷ್ಟೇ ಅಲ್ಲ, ಶಾಲೆಯಲ್ಲಿದ್ದಾಗ ಅಂಥ ಹುಡುಗರನ್ನು ವರ್ಷ ವರ್ಷ ನಾವು ಕಂಡವರು. ದೀಪಾವಳಿ ಮುಗಿಯುತ್ತಲೇ ಹಿಂಡಿನ ಬೆನ್ನು ಹತ್ತಿ ಹೋಗಿಬಿಡುತ್ತಿದ್ದರು. ನಾವು ಹಾಜರಿ ಪುಸ್ತಕದಲ್ಲಿ 'ಗೈರು' ಎಂದು ಬರೆದು ಕೈ ತೊಳೆದುಕೊಳ್ಳುತ್ತಿದ್ದೆವು. ಅವರು ಎಲ್ಲಿಗೆ ಹೋದರು, ಯಾಕೆ ಹೋದರು ಎಂದು ಒಂದು ದಿನವೂ ಕೇಳಲಿಲ್ಲ. ಊರಲ್ಲಿ ಮನೆಯಿದ್ದವನಿಗೆ ಓಟಿದೆ, ಪಂಚಾಯತಿಯಿದೆ, ಮಾತಿದೆ. ನಡೆಯುತ್ತಿರುವವನಿಗೆ ಇವು ಯಾವವೂ ಕೈಗೆ ಸಿಗುವದಿಲ್ಲ. ನಾವೂ ಮಾತಿದ್ದವನ ಮಾತನ್ನೇ ಬರೆದುಕೊಂಡೆವು. ಆ ತಪ್ಪನ್ನು ಮೊದಲು ಒಪ್ಪಿಕೊಂಡು ಮುಂದಿನ ಮಾತು ಹೇಳುತ್ತೇವೆ.

ಹೊಲಕ್ಕೂ ದನಕ್ಕೂ ಬಂದ ಜಗಳ ಇಂದಿನದಲ್ಲ. ನಮ್ಮ ಸೀಮೆಯ ಹಳ್ಳಿಗಳಲ್ಲಿ ಅಗಸಿಯ ಹತ್ತಿರ, ಗುಡಿಯ ಮುಂದೆ ವೀರಗಲ್ಲುಗಳನ್ನು ನೋಡಿದ್ದೀರಿ. ಕನ್ನಡ ನಾಡಿನ ಎಷ್ಟೋ ವೀರಗಲ್ಲುಗಳ ಮೇಲೆ 'ತುರುಗೊಳ್' ಎಂಬ ಮಾತು ಕೊರೆದಿದೆ. ತುರು ಎಂದರೆ ದನ. ತುರುಗೊಳ್ ಎಂದರೆ ದನ ಹಿಡಿದುಕೊಂಡು ಹೋಗುವದು. ದನ ಬಿಡಿಸಲು ಹೋಗಿ ಸತ್ತವನಿಗೆ ಊರು ಕಲ್ಲು ನಿಲ್ಲಿಸುತ್ತಿತ್ತು. ಆ ಕಾಲದಲ್ಲಿ ದನವೇ ಸಂಪತ್ತು. ಅಡವಿ ಕಡಿದು ಹೊಸ ಊರು ಕಟ್ಟಿದಲ್ಲೆಲ್ಲ ನೇಗಿಲಿನವನೂ ಮಂದೆಯವನೂ ಒಬ್ಬರಿಗೊಬ್ಬರು ಎದುರಾಗಿಯೇ ಇದ್ದರು.

ಆದರೆ ಬರಿಯ ಹೊಡೆದಾಟವೇ ಇದ್ದಿದ್ದರೆ ಇಬ್ಬರೂ ಇಷ್ಟು ಶತಮಾನ ಉಳಿಯುತ್ತಿರಲಿಲ್ಲ. ಇಬ್ಬರ ನಡುವೆ ಒಂದು ಕರಾರು ಬೆಳೆದಿತ್ತು. ಸುಗ್ಗಿ ಮುಗಿದ ಹೊಲದಲ್ಲಿ ರೈತ ಕುರಿ ನಿಲ್ಲಿಸಿಕೊಳ್ಳುತ್ತಾನೆ. ಕುರಿಗೆ ಕೂಳೆಯ ಮೇವು ಸಿಗುತ್ತದೆ. ಹೊಲಕ್ಕೆ ಹಿಕ್ಕೆ, ಗಂಜಳ ಸಿಗುತ್ತದೆ. ಇಷ್ಟು ರಾತ್ರಿಗೆ ಇಷ್ಟು ಜೋಳ, ಇಲ್ಲವೆ ಇಷ್ಟು ರೊಕ್ಕ ಎಂದು ಕುರಿಯವನಿಗೆ ರೈತನೇ ಕೊಡುತ್ತಾನೆ. ಕುರಿ ಕೂತು ಎದ್ದ ಹೊಲದ ಬೆಳೆ ಮುಂದಿನ ವರ್ಷ ಬೇರೆಯೇ ಕಾಣುತ್ತದೆಂದು ಇಲ್ಲಿಯ ಒಕ್ಕಲು ಮಕ್ಕಳಿಗೆ ನಾವು ಹೇಳಬೇಕಾಗಿಲ್ಲ. ಇನ್ನು ಪೈರು ನಿಂತ ತಿಂಗಳುಗಳಲ್ಲಿ ಕುರಿ ಎಲ್ಲಿರಬೇಕು? ಅದಕ್ಕೆ ಗಾಯರಾಣವಿತ್ತು, ಹಳ್ಳದ ದಂಡೆಯಿತ್ತು, ಬಂಡಿದಾರಿಯ ಎರಡೂ ಮಗ್ಗುಲಿತ್ತು, ಕಪ್ಪತಗುಡ್ಡದ ಇಳಿಜಾರಿತ್ತು. ಹೊಲಕ್ಕೂ ಹಿಂಡಿಗೂ ನಡುವಿನ ಜಾಗವೆಂದರೆ ಇದೇ. ಆ ಜಾಗ ಇರುವ ತನಕ ಕರಾರು ನಡೆಯಿತು.

ಅದನ್ನು ಯಾರು ಮೇಯ್ದರು? ಕುರಿಯಲ್ಲ.

1818ರಲ್ಲಿ ಪೇಶ್ವೆಯ ಆಳಿಕೆ ಮುಗಿದು ಧಾರವಾಡ ಸೀಮೆ ಇಂಗ್ಲಿಷರ ಕಂಪನಿಯ ಕೈಗೆ ಬಂತು. 1840ರ ದಶಕದಲ್ಲಿ ವಿಂಗೇಟ್ ಸಾಹೇಬನ ಮೋಜಣಿ ನಡೆಯಿತು. ಸರಪಳಿ ಎಳೆದರು, ಬಾಂದು ಕಲ್ಲು ನೆಟ್ಟರು, ಪ್ರತಿ ತುಂಡಿಗೂ ನಂಬರು ಕೊಟ್ಟರು. ಬೀಳು ಬಿದ್ದ ನಂಬರು ಹಿಡಿದು ಉತ್ತವನಿಗೆ ಕಂದಾಯ ಕಟ್ಟಿಸಿಕೊಂಡು ಹಕ್ಕು ಕೊಟ್ಟರು. ಕಪ್ಪತಗುಡ್ಡದ ಮಗ್ಗುಲಿಗೆ ಕಬುಲಾಯತಕಟ್ಟಿ ಎಂಬ ಊರಿದೆಯಲ್ಲ. ನೆಲ ಹಿಡಿದವನು ಬರೆದುಕೊಡುವ ಕಾಗದಕ್ಕೆ ಕಬುಲಾಯತಿ ಎನ್ನುತ್ತಾರೆ. ಹೀಗೆ ಕಾಗದ ಬರೆದುಕೊಟ್ಟು ನೆಲ ಹಿಡಿದದ್ದು ತಪ್ಪಲ್ಲ. ಬಡವನಿಗೆ ಹೊಲವಾಯಿತು. ಆದರೆ ಹುಲ್ಲಿಗೆ ಕಬುಲಾಯತಿ ಬರೆದುಕೊಡುವವರು ಯಾರೂ ಇರಲಿಲ್ಲ. ಸರಕಾರದ ಲೆಕ್ಕದಲ್ಲಿ ಉಳುಮೆಯಿಲ್ಲದ ನೆಲವೆಂದರೆ ವಸೂಲಿಯಿಲ್ಲದ ನೆಲ.

ಅದೇ ಹೊತ್ತಿಗೆ ಅಮೇರಿಕೆಯ ಹತ್ತಿಯ ಬೀಜ ಧಾರವಾಡ ಸೀಮೆಗೆ ಬಂತು. ಲ್ಯಾಂಕಶಾಯರದ ಗಿರಣಿಗಳಿಗೆ ಉದ್ದ ಎಳೆಯ ಹತ್ತಿ ಬೇಕಾಗಿತ್ತು. 1861ರಿಂದ 1865ರ ವರೆಗೆ ಅಮೇರಿಕೆಯಲ್ಲಿ ಒಳಯುದ್ಧ ನಡೆದು ಅಲ್ಲಿಯ ಹತ್ತಿ ನಿಂತಾಗ ನಮ್ಮ ಹತ್ತಿಯ ಬೆಲೆ ಆಕಾಶಕ್ಕೆ ಏರಿತು. ನೇಗಿಲು ಹುಲ್ಲಿನ ಮೇಲೆ ಹಾಯಿತು. ಯುದ್ಧ ಮುಗಿಯಿತು, ಬೆಲೆ ಬಿತ್ತು, ಹುಲ್ಲು ಮಾತ್ರ ತಿರುಗಿ ಬರಲಿಲ್ಲ. 1871ರಲ್ಲಿ ದನ ಹೊಲಕ್ಕೆ ಹೊಕ್ಕರೆ ಹಿಡಿದು ಕೊಂಡವಾಡಕ್ಕೆ ಹಾಕುವ ಕಾಯದೆ ಬಂತು. 1878ರಲ್ಲಿ ಅಡವಿಗೆ ಗಡಿ ಹಾಕುವ ಕಾಯದೆ ಬಂತು. ಇವೆರಡರ ನಡುವೆಯೇ 1876-78ರ ಭೀಕರ ಬರ. ಮೇವಿಲ್ಲದೆ ಲೆಕ್ಕವಿಲ್ಲದಷ್ಟು ದನ ಸತ್ತವು. 1880ರ ದಶಕದಲ್ಲಿ ಗದಗಿಗೆ ರೈಲು ಬಂತು. ಎತ್ತಿನ ಮೇಲೆ ಉಪ್ಪು-ಕಾಳು ಹೇರಿ ನಾಡು ಸುತ್ತುತ್ತಿದ್ದ ಲಂಬಾಣಿಗಳ ಕಸಬೂ ಮುಳುಗಿತು. ಅವರೂ ತಾಂಡಾ ಹೂಡಿ ನೆಲ ಹುಡುಕುವವರಾದರು. ಹೀಗೆ ನೇಗಿಲಿಗೆ ಜನ ಹೆಚ್ಚಾದರು, ಹುಲ್ಲಿಗೆ ಜಾಗ ಕಡಿಮೆಯಾಯಿತು.

ನಮ್ಮ ಹತ್ತಿಯ ಬೆಲೆ ಏರಿಸಿದ ಆ ಯುದ್ಧದ ನಡುವೆಯೇ, 1862ರಲ್ಲಿ, ಅಮೇರಿಕೆಯಲ್ಲಿ ಒಂದು ಭೂಮಿಯ ಕಾಯದೆ ಆಯಿತು. ಐದು ವರ್ಷ ನೆಲದ ಮೇಲೆ ವಾಸ ಮಾಡಿ ಬೇಸಾಯ ಮಾಡಿದವನಿಗೆ 160 ಎಕರೆ. ಬಡವರು ಬಂಡಿ ಕಟ್ಟಿಕೊಂಡು ಪಶ್ಚಿಮಕ್ಕೆ ಹೊರಟರು. ಆ ನೆಲ ಬರಿದಾಗಿರಲಿಲ್ಲ. ಅಲ್ಲಿ ಮೂಲ ಜನರಿದ್ದರು. ಅವರಿಗೆ ಅನ್ನವಾಗಿದ್ದ ಕಾಡೆಮ್ಮೆಗಳ ಹಿಂಡುಗಳಿದ್ದವು. ಬಂದೂಕಿನವರು ಕೋಟಿಗಟ್ಟಲೆ ಕಾಡೆಮ್ಮೆಗಳನ್ನು ಕೊಂದು ಕೆಲವು ನೂರಕ್ಕೆ ಇಳಿಸಿದರು. ಮೂಲ ಜನರನ್ನು ಮೂಲೆಗೆ ತಳ್ಳಿದರು. ಹೀಗೆ ಕಸಿದ ಹುಲ್ಲಿನ ಮೇಲೆ ಮೊದಲು ಇಳಿದವರು ದನದ ಕಂಪನಿಗಳು. ಲಂಡನ್ನಿನ, ಸ್ಕಾಟ್ಲಂಡದ ಬಂಡವಾಳವೂ ಅಲ್ಲಿಗೆ ಹರಿಯಿತು. ಸಾವಿರಾರು ದನ ಬಿಟ್ಟು ಸರಕಾರದ ಹುಲ್ಲು ಪುಕ್ಕಟೆಯಾಗಿ ಮೇಯಿಸಿ ಷೇರುದಾರರಿಗೆ ಲಾಭ ಹಂಚಿದರು.

1874ರಲ್ಲಿ ಗ್ಲಿಡನ್ ಎಂಬವನು ಮುಳ್ಳುತಂತಿಯ ಪೇಟೆಂಟ್ ಪಡೆದ. ಸಣ್ಣ ರೈತ ಬೆಳೆ ಉಳಿಸಿಕೊಳ್ಳಲು ತಂತಿ ಕಟ್ಟಿದ. ದೊಡ್ಡ ಕಂಪನಿಗಳು ಹುಲ್ಲನ್ನೇ ಕಟ್ಟಿಹಾಕಲು ತಂತಿ ಎಳೆದವು; ತಮ್ಮದಲ್ಲದ ಸರಕಾರಿ ನೆಲ, ದಾರಿ, ನೀರಿನ ಸೆಲೆ ಎಲ್ಲ ಒಳಗೆ ಹಾಕಿಕೊಂಡವು. 1883ರಲ್ಲಿ ಟೆಕ್ಸಾಸಿನಲ್ಲಿ ಮಳೆ ಹೋಯಿತು. ನೀರಿಗೆ ದಾರಿಯಿಲ್ಲದವರು ರಾತ್ರಿ ತಂತಿ ಕತ್ತರಿಸತೊಡಗಿದರು. 1884ರಲ್ಲಿ ಅಲ್ಲಿಯ ಸರಕಾರ ತಂತಿ ಕತ್ತರಿಸುವದನ್ನು ಘೋರ ಅಪರಾಧ ಮಾಡಿತು. 1885ರಲ್ಲಿ ದೇಶದ ಸರಕಾರ, ಸಾರ್ವಜನಿಕ ನೆಲಕ್ಕೆ ಬೇಲಿ ಹಾಕುವದೂ ಅಪರಾಧವೆಂದು ಬೇರೊಂದು ಕಾಯದೆ ಮಾಡಬೇಕಾಯಿತು. ನಮ್ಮಲ್ಲಿ ಬೇಲಿಯೇ ಎದ್ದು ಹೊಲ ಮೇಯಿತು ಎಂಬ ಗಾದೆಯಿದೆ. ಅಲ್ಲಿ ಅದು ಕಣ್ಣೆದುರಿಗೇ ನಡೆಯಿತು.

1892ರ ಏಪ್ರಿಲ್ಲಿನಲ್ಲಿ ವಯೋಮಿಂಗ್ ಪ್ರಾಂತದ ದೊಡ್ಡ ದನದ ಮಾಲಿಕರು ಇನ್ನೂ ಮುಂದೆ ಹೋದರು. ಸಣ್ಣ ಹಿಡುವಳಿದಾರರಿಗೆಲ್ಲ ದನಗಳ್ಳರೆಂದು ಹೆಸರಿಟ್ಟರು. ಕೊಲ್ಲಬೇಕಾದವರ ಪಟ್ಟಿ ಮಾಡಿದರು. ಟೆಕ್ಸಾಸಿನಿಂದ ಕೂಲಿ ಬಂದೂಕಿನವರನ್ನು ತರಿಸಿ, ಸುಮಾರು 50 ಜನ, ಬೇರೆಯೇ ರೈಲು ಮಾಡಿಕೊಂಡು ಜಾನ್ಸನ್ ಕೌಂಟಿಯ ಮೇಲೆ ಹೋದರು. ನೇಟ್ ಚಾಂಪಿಯನ್, ನಿಕ್ ರೇ ಎಂಬ ಇಬ್ಬರನ್ನು ಕೊಂದರು. ಸುದ್ದಿ ಹಬ್ಬಿ ಆ ಸೀಮೆಯ ರೈತರೂ ಸಣ್ಣ ದನಗಾರರೂ ಅಂಗಡಿಕಾರರೂ ಬಂದೂಕು ಹಿಡಿದು ಬಂದು ಈ ದಂಡನ್ನು ಮುತ್ತಿದರು. ಆಗ ಸರಕಾರದ ಕುದುರೆಪಡೆ ಓಡಿ ಬಂತು. ಯಾರನ್ನು ಉಳಿಸಲಿಕ್ಕೆ? ಕೊಂದವರನ್ನು ಉಳಿಸಲಿಕ್ಕೆ! 1893ರಲ್ಲಿ ಖಟ್ಲೆ ಬಿದ್ದು ಹೋಯಿತು. ಒಬ್ಬನಿಗೂ ಶಿಕ್ಷೆಯಾಗಲಿಲ್ಲ.

ಈ ಕತೆಯನ್ನು ತಂದು ಕುರಿಯವನ ಮೇಲೆ ಹೊರಿಸಬೇಡಿರಿ. ಅಲ್ಲಿ ದನದವನು ದೊಡ್ಡವನು, ರೈತ ಸಣ್ಣವನು. ಇಲ್ಲಿ ಕುರಿಯವನು ಬಹುಮಟ್ಟಿಗೆ ಅಂಗೈಯಷ್ಟು ನೆಲವಿದ್ದವನು, ಇಲ್ಲವೆ ಅದೂ ಇಲ್ಲದವನು. ಹಿಂಡಿನಲ್ಲಿಯ ಕುರಿಗಳೆಲ್ಲ ಅವನವೂ ಅಲ್ಲ. ಎಷ್ಟೋ ಕುರಿ ಮತ್ತೊಬ್ಬರವು, ಅವನದು ಕಾಯುವ ಕೂಲಿ ಮಾತ್ರ. ದನದವನು ಯಾರು, ರೈತನು ಯಾರು ಎಂಬದನ್ನು ಬಿಟ್ಟು, ನಡುವಿನ ಹುಲ್ಲಿಗೆ ತಂತಿ ಎಳೆದವನು ಯಾರು ಎಂದು ಕೇಳಬೇಕು. ಅದನ್ನು ಕೇಳುವದನ್ನು ಆ ಕತೆ ನಮಗೆ ಕಲಿಸುತ್ತದೆ.

ನಮ್ಮಲ್ಲಿ ಕಾಯದೆ ಇಲ್ಲವೆಂದಿಲ್ಲ. 1964ರ ಭೂಕಂದಾಯ ಕಾಯದೆಯ 71ನೆಯ ಕಲಮಿನಲ್ಲಿ ದನದ ಮೇವಿಗೆ ನೆಲ ಕಾದಿರಿಸಬಹುದೆಂದು ಇದೆ. 1966ರ ನಿಯಮಗಳಲ್ಲಿ ನೂರು ದನಕ್ಕೆ 12 ಹೆಕ್ಟೇರು, ಅಂದರೆ 30 ಎಕರೆ ಎಂದು ಲೆಕ್ಕವೂ ಇದೆ. ಅದನ್ನು ಕಡಿಮೆ ಮಾಡಲು ಜಿಲ್ಲಾಧಿಕಾರಿಗೆ ದಾರಿಯೂ ಇದೆ. ಆ ದಾರಿಯಲ್ಲಿ ಎಷ್ಟು ಗಾಯರಾಣ ಹೊರಟುಹೋಯಿತೆಂದು ನಿಮ್ಮ ನಿಮ್ಮ ಊರಲ್ಲಿ ನೋಡಿಕೊಳ್ಳಿರಿ. ಒಂದು ಕಡೆ ಕಚೇರಿ, ಇನ್ನೊಂದು ಕಡೆ ನಿವೇಶನ, ಮತ್ತೊಂದು ಕಡೆ ಯಾರೋ ಪ್ರತಿಷ್ಠಿತರ ತೋಟ. 2011ರ ಜನವರಿಯಲ್ಲಿ ಸುಪ್ರೀಮ್ ಕೋರ್ಟು, ಪಂಜಾಬದ ಒಂದು ಹಳ್ಳಿಯ ಖಟ್ಲೆಯಲ್ಲಿ, ಊರೊಟ್ಟಿನ ನೆಲವನ್ನು ಕಬಳಿಸಿದವರನ್ನು ಬಿಡಿಸಿರಿ ಎಂದು ಎಲ್ಲ ರಾಜ್ಯಗಳಿಗೂ ಹೇಳಿತು.

ಇಲ್ಲಿ ಒಂದು ಮಾತು ನಮಗೇ ಚುಚ್ಚುತ್ತದೆ. ಗಾಯರಾಣ ಉತ್ತವರೆಲ್ಲ ದೊಡ್ಡವರಲ್ಲ. ನೆಲವಿಲ್ಲದ ಬಡವನೂ ಎರಡು ಎಕರೆ ಬಗರಹುಕುಂ ಮಾಡಿಕೊಂಡಿದ್ದಾನೆ. 1991ರಲ್ಲಿ ಅಂಥ ಸಾಗುವಳಿಯನ್ನು ಸಕ್ರಮ ಮಾಡಲು ಕಾಯದೆಗೆ ತಿದ್ದುಪಡಿ ಬಂದಾಗ ಬಡವರು ಸಂತೋಷಪಟ್ಟರು, ನ್ಯಾಯವೇ. ಉಳುವವನಿಗೆ ನೆಲ ಎಂದು ನಾವೇ ಕೂಗಿದವರು. ಈಗ ಅದೇ ಬಾಯಿಂದ ಗಾಯರಾಣ ಉಳಿಸಿರಿ ಎಂದರೆ ಬಡವನ ನೇಗಿಲಿಗೂ ಬಡವನ ಕುರಿಗೂ ನಾವೇ ಜಗಳ ಹಚ್ಚಿದಂತಾಗುವದಿಲ್ಲವೆ? ಆಗುತ್ತದೆ, ಬಡವನಿಗೆ ನೆಲ ಗಾಯರಾಣದಿಂದಲೇ ಬರಬೇಕು ಎಂದು ಒಪ್ಪಿಕೊಂಡರೆ. ನೆಲ ಬರಬೇಕಾದದ್ದು ಹೆಚ್ಚಿಗೆ ಇದ್ದವನ ಕೈಯಿಂದ. ಅಲ್ಲಿಯ ಬಾಗಿಲು ಹಾಕಿಕೊಂಡು, ಹೊಲವಿಲ್ಲದವನಿಗೆ ಕುರಿಯವನ ಹುಲ್ಲು ತೋರಿಸಿದರೆ ಅದು ದಾನವಲ್ಲ, ಒಬ್ಬನ ಗಂಗಾಳದ ರೊಟ್ಟಿ ಮತ್ತೊಬ್ಬನ ಗಂಗಾಳಕ್ಕೆ ಹಾಕುವದು. ಇಷ್ಟರ ಮೇಲೆ 2020ರ ತಿದ್ದುಪಡಿಯಿಂದ ಒಕ್ಕಲುತನ ಮಾಡದವನೂ ರೊಕ್ಕವಿದ್ದರೆ ಹೊಲ ಕೊಳ್ಳಬಹುದಾಯಿತು. ಹಾಗೆ ಕೊಂಡವನು ಮೊದಲು ಮಾಡುವ ಕೆಲಸ ತಂತಿ ಎಳೆಯುವದು.

ಈ ಡೋಣಿಗೆ ಬಂದು ಗುಡ್ಡದ ಮಾತು ಆಡದೆ ಹೋಗಲು ಬರುವದಿಲ್ಲ. 2011ರಲ್ಲಿ ಇದೇ ಮುಂಡರಗಿ ತಾಲೂಕಿನ ಹಳ್ಳಿಗುಡಿಯಲ್ಲಿ ಪೋಸ್ಕೋ ಎಂಬ ಪರದೇಶದ ಉಕ್ಕಿನ ಕಂಪನಿಗೆ ಮೂರು ಸಾವಿರ ಎಕರೆಗೂ ಮಿಕ್ಕ ನೆಲ ಕೊಡಲು ಸರಕಾರ ಹೊರಟಿತ್ತು. ರೈತರು ಎದ್ದರು, ಗದಗಿನ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮಿಗಳು ಅವರ ಮುಂದೆ ನಿಂತರು, ಸರಕಾರ ಕೈ ಬಿಟ್ಟಿತು. ಮುಂದೆ ಕಪ್ಪತಗುಡ್ಡಕ್ಕೆ 2015ರಲ್ಲಿ ಕೊಟ್ಟ ಸಂರಕ್ಷಿತ ಪ್ರದೇಶದ ಸ್ಥಾನವನ್ನು 2016ರಲ್ಲಿ ಕಸಿದುಕೊಂಡರು. ಜನರು ಬೀದಿಗಿಳಿದ ಮೇಲೆ 2017ರಲ್ಲಿ ತಿರುಗಿ ಕೊಟ್ಟರು. 2019ರಲ್ಲಿ ಗುಡ್ಡ ವನ್ಯಜೀವಿ ಧಾಮವಾಯಿತು. ಅದಿರಿನವರ ಕೈಯಿಂದ ಗುಡ್ಡ ಉಳಿದದ್ದು ನಮಗೆಲ್ಲ ಹರ್ಷದ ಮಾತು. ಆದರೆ ಆ ಮುದುಕಿಯ ಪ್ರಶ್ನೆ ಇಲ್ಲಿಯೂ ಇದೆ. ಧಾಮದೊಳಗೆ ಮೇವನ್ನು ಕ್ರಮಪಡಿಸುವ, ಬೇಕಾದರೆ ತಡೆಯುವ ಅಧಿಕಾರವನ್ನು 1972ರ ಕಾಯದೆ ಅಧಿಕಾರಿಗಳಿಗೆ ಕೊಟ್ಟಿದೆ. ಗುಡ್ಡದ ನೆತ್ತಿಯ ಮೇಲೆ ಕಂಪನಿಗಳ ಗಾಳಿಯಂತ್ರ ತಿರುಗಬಹುದು, ಬುಡದಲ್ಲಿ ಕುರಿ ನಿಂತರೆ ಅಪರಾಧ ಎಂದಾದರೆ ಗುಡ್ಡ ಯಾರ ಸಲುವಾಗಿ ಉಳಿಯಿತು?

ಗಿರಣಿಯ ಬಂಧುಗಳೇ, ಅಂಗಡಿಕಾರರೇ, ಇದರಲ್ಲಿ ನಮ್ಮದೇನು ಎಂದು ನೀವು ಅಂದುಕೊಳ್ಳುತ್ತಿರಬಹುದು. ನಿಮ್ಮ ಅಪ್ಪನೋ ಅಜ್ಜನೋ ಊರು ಬಿಟ್ಟು ಗದಗಿಗೆ ಬಂದದ್ದು ಯಾಕೆ ಎಂದು ನೆನೆಯಿರಿ. ಹೊಲವಿಲ್ಲದ ಮನೆಗೂ ಒಂದು ಆಕಳು, ಎರಡು ಆಡು ಆಧಾರವಾಗಿದ್ದವು. ಗಾಯರಾಣ ಹೋಯಿತು, ಆಡು ಸಂತೆಗೆ ಹೋಯಿತು, ಮನುಷ್ಯ ಗಿರಣಿಯ ಬಾಗಿಲಿಗೆ ಬಂದ. ಬಾಗಿಲಿಗೆ ಜನ ಹೆಚ್ಚು ನಿಂತಷ್ಟೂ ಒಳಗೆ ದುಡಿಯುವವನ ಕೂಲಿ ಇಳಿಯುತ್ತದೆ. ಹಳ್ಳಿಯಲ್ಲಿ ಎಳೆದ ಒಂದು ತಂತಿ ಪೇಟೆಯಲ್ಲಿ ನಿಮ್ಮ ಪಗಾರನ್ನು ಕೊಯ್ಯುತ್ತದೆ. ಅಂಗಡಿಕಾರರೇ, ಕಡಲೆ ಹೋದ ರೈತ ನಿಮ್ಮ ಉದ್ರಿ ಎಲ್ಲಿಂದ ಕೊಡಬೇಕು? ಹಿಂಡು ಮಾರಿದ ಕುರಿಯವನು ನಿಮ್ಮಲ್ಲಿ ಹಗ್ಗ, ಜೋಳ, ತಂಬಾಕು ಕೊಳ್ಳಲು ಯಾಕೆ ಬರಬೇಕು?

ಇನ್ನು ಮಾಡಬೇಕಾದದ್ದು. ಮೊದಲನೆಯದು, ಪ್ರತಿ ಊರಿನವರು ತಮ್ಮ ಗಾಯರಾಣದ ಉತಾರ ತೆಗೆಸಿರಿ. ಕಾಗದದ ಮೇಲೆ ಎಷ್ಟಿದೆ, ನೆಲದ ಮೇಲೆ ಎಷ್ಟಿದೆ, ನಡೆದು ನೋಡಿರಿ. ರೈತನೂ ಕುರಿಯವನೂ ಕೂಡಿ ನಡೆಯಿರಿ. ಎರಡನೆಯದು, ಯಾವ ದಾರಿಯಿಂದ ಹಿಂಡು ಹಾಯಬೇಕು, ಸುಗ್ಗಿಯಾದ ಮೇಲೆ ಯಾವ ಹೊಲಕ್ಕೆ ಮೊದಲು ಇಳಿಯಬೇಕು, ಹಾನಿಯಾದರೆ ಯಾರು ಎಷ್ಟು ತುಂಬಬೇಕು ಎಂಬದನ್ನು ಬಿತ್ತುವ ಮುಂಚೆಯೇ ಪಂಚರು ಕೂತು ಗೊತ್ತುಮಾಡಿರಿ. ಮೂರನೆಯದು, 2006ರ ಅರಣ್ಯ ಹಕ್ಕಿನ ಕಾಯದೆಯಲ್ಲಿ ಮೇಯಿಸುವ ಹಕ್ಕೂ ಅಲೆಮಾರಿ ಪಶುಪಾಲಕರು ಕಾಲಕಾಲಕ್ಕೆ ಬಂದು ಹೋಗುವ ಹಕ್ಕೂ ಬರೆದಿವೆ. ಬುಡಕಟ್ಟಿನವರಲ್ಲದವರು 75 ವರ್ಷದ ಪುರಾವೆ ಕೊಡಬೇಕೆಂಬ ತೊಡಕಿದೆ, ನಿಜ. ಆದರೂ ಅರ್ಜಿ ಗ್ರಾಮಸಭೆಯಿಂದಲೇ ಏಳಬೇಕು. ಹಿಂಡು ಊರಲ್ಲಿದ್ದ ದಿನ ನೋಡಿ ಸಭೆ ಕರೆಯಿರಿ. ನಾಲ್ಕನೆಯದು, ಬಡಿಗೆಯನ್ನು ಮನೆಯಲ್ಲಿಟ್ಟು ಬನ್ನಿರಿ.

ಆ ಊರಿನ ಸಂಗತಿ ಏನಾಯಿತೆಂದು ಹೇಳಿ ಮುಗಿಸುತ್ತೇವೆ. ಮೂರು ದಿನ ಕೂತೆವು. ಕಡಲೆ ಹೋದ ರೈತನಿಗೆ ರೊಕ್ಕ ಕೊಡಲು ಕುರಿಯವರ ಹತ್ತಿರ ರೊಕ್ಕವಿರಲಿಲ್ಲ. ಸುಗ್ಗಿಯಾದ ಮೇಲೆ ಅವನ ಹೊಲವಷ್ಟರಲ್ಲಿಯೂ ಪುಕ್ಕಟೆ ಕುರಿ ನಿಲ್ಲಿಸಿ ಕೊಡುತ್ತೇವೆಂದು ಒಪ್ಪಿದರು. ಹುಡುಗನ ಕೈಯ ಖರ್ಚನ್ನು ಬಡಿಗೆ ಹಿಡಿದವರ ಅಪ್ಪಂದಿರು ಹೊತ್ತರು. ಕುರಿ ಬಿಟ್ಟರು. ಆಮೇಲೆ ಎರಡೂ ಕಡೆಯವರು ಕೂಡಿ ಉತಾರ ಹಿಡಿದುಕೊಂಡು ಗಾಯರಾಣಕ್ಕೆ ಹೋದೆವು. ಅರ್ಧಕ್ಕೂ ಹೆಚ್ಚು ನೆಲ ಮುಳ್ಳುತಂತಿಯ ಒಳಗಿತ್ತು. ಆ ತಂತಿ ಕಡಲೆಯ ರೈತನದೂ ಅಲ್ಲ, ಕುರಿಯವನದೂ ಅಲ್ಲ. ಇಷ್ಟು ದಿನ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತ ಜಗಳಾಡಿದ್ದರು. ಅಂದು ಮೊದಲ ಸಲ ಇಬ್ಬರೂ ಒಂದೇ ಕಡೆಗೆ ಮುಖ ಮಾಡಿ ನಿಂತರು.

ಹಳೆಯ ಅರ್ಜಿ ಹರಿದು ಹೊಸದು ಬರೆದೆವು. ಅದರಲ್ಲಿ ಮುದುಕಿ ಕೇಳಿದ ಸಾಲು ಮೊದಲನೆಯದಾಗಿ ಇದೆ. ಮೋಜಣಿಯ ದಿನ ಇನ್ನೂ ಗೊತ್ತಾಗಿಲ್ಲ, ತಂತಿ ಇನ್ನೂ ಇದೆ. ಹುಡುಗನ ಕೈ ಕೂಡಿದೆ, ಆದರೆ ಕೊಡ ಎತ್ತಿದರೆ ನೋಯುತ್ತದಂತೆ. ಗೆದ್ದೆವೆಂದು ಹೇಳಲು ನಾವು ಬಂದಿಲ್ಲ. ಆ ಅರ್ಜಿಯ ಕೆಳಗೆ ಎರಡೂ ಕಡೆಯವರ ಸಹಿ-ಹೆಬ್ಬೆಟ್ಟು ಒಟ್ಟಿಗೆ ಬಿದ್ದಿವೆ ಎಂದು ಹೇಳಲು ಬಂದೆವು. ಅಂಥ ಅರ್ಜಿಗಳು ಈ ಸೀಮೆಯ ಪ್ರತಿ ಊರಿನಿಂದಲೂ ಹೋಗಲಿ.

ಈಗ ಏಳುವ ಮುಂಚೆ ಒಂದು ಕೆಲಸ ಮಾಡಿರಿ. ನಿಮ್ಮಿಬ್ಬರ ನಡುವೆ ಬಿಟ್ಟ ಆ ಜಾಗ ಖಾಲಿಯಿದೆ. ಹೊಲದವರು ಈ ಕಡೆಯಿಂದ, ಕುರಿಯವರು ಆ ಕಡೆಯಿಂದ ಸ್ವಲ್ಪ ಸರಿದು ಕೂತುಕೊಳ್ಳಿರಿ. ಚಹ ಬರುತ್ತಿದೆ. ಕುಡಿದು, ಉತಾರಗಳ ಯಾದಿ ಮಾಡೋಣ.